ಹಸಿ ಹಲಗೆ

ಇವತ್ತೇ ವಾರ್ನಿಷ್ ಹೊಡೆದುಬಿಟ್ಟರೆ? ಹೊಡೆದರೆ ಮರ ಕುಡಿದ ನೀರು ಒಳಗೇ ಉಳಿಯುತ್ತದೆ. ಬೇಡವೆಂದರೆ ಮಳೆ ನಿಂತು ಹಲಗೆ ಒಣಗುವವರೆಗೆ, ಅಂದರೆ ಚಳಿಗಾಲದವರೆಗೆ ಕಾಯಬೇಕು. ಅಷ್ಟು ಕಾಯಲು ಅವಳಿಗೆ ಆಗುತ್ತದೆಯೇ?

ಬಡಗಿ ಕುಂಚವನ್ನು ಡಬ್ಬದಲ್ಲಿ ಅದ್ದಿದ. ಅಂಚಿಗೆ ಒರೆಸಿ ಮತ್ತೆ ಕೆಳಗಿಟ್ಟ. ಎದುರಿಗೆ ಟ್ರೇಲರ್ ನಿಂತಿತ್ತು. ಕಾರಿನ ಹಿಂದೆ ಕಟ್ಟಿ ಎಳೆಯುವಂಥ ಮರದ ಗೂಡು, ಒಳಗೆ ಇಬ್ಬರು ಕಾಲು ಚಾಚಿ ಮಲಗುವಷ್ಟು ಜಾಗ. ಸಮುದ್ರದ ಪಕ್ಕ ಒಂದು ರಾತ್ರಿ ಮಲಗಬೇಕೆಂಬುದು ಹೆಂಡತಿಯ ಹಳೆಯ ಆಸೆ. ಕೆಲಸದ ನೆಪ ಹೇಳಿ ಅವನು ಅದನ್ನು ಮುಂದೂಡುತ್ತಲೇ ಬಂದಿದ್ದ. ಹೋದ ತಿಂಗಳು ಆಸ್ಪತ್ರೆಯಲ್ಲಿ ಡಾಕ್ಟರು ಅವನೊಬ್ಬನನ್ನೇ ಹೊರಗೆ ಕರೆದು, ಆಕೆ ಈ ಚಳಿಗಾಲ ಕಾಣುವುದು ಕಷ್ಟ ಎಂದಿದ್ದರು. ಆ ಸಂಜೆಯೇ ಮರ ತಂದು ಹಾಕಿದ್ದ.

ಮೊನ್ನೆಯ ಗಾಳಿಮಳೆಗೆ ಶೆಡ್ಡಿನ ತಗಡು ಹಾರಿಹೋಗಿ ಗೂಡಿನ ಕೆಳಹಲಗೆಗಳೆಲ್ಲ ನೆನೆದವು. ಹಸಿ ಮರಕ್ಕೆ ವಾರ್ನಿಷ್ ಹೊಡೆದರೆ ಅದು ಹೊರಗೆ ಕನ್ನಡಿಯಂತೆ ಹೊಳೆಯುತ್ತಲೇ ಒಳಗೊಳಗೆ ಕೊಳೆಯುತ್ತದೆ. ಕೈಕೆಳಗೆ ಕೆಲಸಕ್ಕೆ ಸೇರಿದ ಪ್ರತಿಯೊಬ್ಬನಿಗೂ ಅವನು ಗದರಿ ಕಲಿಸಿದ ಮೊದಲ ಪಾಠ ಅದು. ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತ ಹೆಂಡತಿ ಆ ಗದರಿಕೆಯನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು. ಕಾದರೆ ಆಸೆ ತೀರುವುದಿಲ್ಲ. ಕಾಯದಿದ್ದರೆ, ಅವಸರ ಯಾಕೆಂದು ಅವಳಿಗೆ ತಿಳಿದುಹೋಗುತ್ತದೆ.

ಅಷ್ಟರಲ್ಲಿ ಭಾವಮೈದುನ ಬಂದ. ಲಾರಿ ಓಡಿಸುವವನು, ಟ್ರೇಲರ್ ಎಳೆಯಬೇಕಾದ ಕಾರೂ ಅವನದೇ. ಚಕ್ರಕ್ಕೊಂದು ಒದೆ ಕೊಟ್ಟು ನೋಡಿದ.

"ಭಾವ, ಇದೇನು ಗಾಡಿನೋ ಬೀರುನೋ? ಅಕ್ಕನ್ನ ಮಡಚಿ ಇಡ್ತೀರಾ ಒಳಗೆ?"

"ಮೊದಲು ನಿನ್ನ ಬಾಯಿಗೆ ವಾರ್ನಿಷ್ ಹೊಡೀಬೇಕು."

"ಎರಡು ಕೋಟ್ ಹೊಡೀರಿ, ಬೇಡ ಅಂದೋರ್ಯಾರು? ಭಾನುವಾರಕ್ಕೆ ರೆಡಿ ಆಗತ್ತಾ ಅದನ್ನ ಹೇಳಿ. ಇಲ್ಲಾ ನಿಮ್ಮ ಹಳೇ ರಾಗನೇನಾ? ಮರ ಒಣಗ್ಲಿ, ಅಂಟು ಒಣಗ್ಲಿ, ಕೊನೆಗೆ ನಾವೂ ಒಣಗ್ಲಿ!"

"ಆಗತ್ತೆ," ಅಂದುಬಿಟ್ಟ ಬಡಗಿ. ಬಾಯಿಂದ ಬಿದ್ದ ಮಾತಿನ ಹಿಂದೆಯೇ ಕೈ ಕುಂಚಕ್ಕೆ ಹೋಯಿತು.

ಒಂದು ಬದಿ ಮುಗಿಯುವ ಹೊತ್ತಿಗೆ ಹೆಂಡತಿ ಕಿಟಕಿಯ ಪರದೆ ಹಿಡಿದು ಹೊರಗೆ ಬಂದಳು. ಬಳಿಯದೆ ಉಳಿದಿದ್ದ ಕೆಳಹಲಗೆಯ ಮೇಲೆ ಅಂಗೈ ಊರಿದಳು. ಹಸಿ ಮರ ಕೈಗೆ ತಣ್ಣಗೆ ತಾಗುತ್ತದೆ. ಅವಳಿಗೆ ಹಾಗೆ ಮುಟ್ಟಿ ನೋಡಲು ಕಲಿಸಿದವನೂ ಅವನೇ. ಅಂಗೈ ಬಹಳ ಹೊತ್ತು ಅಲ್ಲೇ ಇತ್ತು.

"ಒಣಗಿದ್ಯಾ?"

"ಒಣಗಿದೆ."

"ಎಷ್ಟು ವರ್ಷ ಬಾಳಿಕೆ ಬರತ್ತೆ?"

"ನಾವು ಮುದುಕರಾಗೋವರೆಗೂ."

"ಈಗೇನು ಎಳೇ ಹುಡುಗರಾ?" ಎಂದು ನಕ್ಕಳು. ನಗು ಕೆಮ್ಮಿಗೆ ತಿರುಗಿತು. ಕೈಯನ್ನು ಹೊಸ ಪರದೆಗೇ ಒರೆಸಿಕೊಂಡು ಒಳಗೆ ಹೋದಳು.

ಶನಿವಾರ ನೀರು ಬಿಟ್ಟು ಪರೀಕ್ಷೆ. ತಾನು ಒಳಗೇ ಕೂರುತ್ತೇನೆಂದು ಅವಳು ಹಟ ಹಿಡಿದಳು. "ಸೋರಿದ್ರೆ ಬೈಯೋಕೆ ಒಬ್ಬರು ಬೇಕಲ್ಲ!" ಅವನು ಬಾಗಿಲು ಮುಚ್ಚಿ, ಸ್ಟೂಲು ಹತ್ತಿ, ಚಾವಣಿಯ ಸಂದುಗಳ ಮೇಲೆ ಪೈಪು ಹಿಡಿದ.

"ಒಂದು ಹನಿನೂ ಇಲ್ಲ! ಇನ್ನೂ ಜೋರಾಗಿ ಬಿಡಿ."

ಇಳಿದು ನಲ್ಲಿಯನ್ನು ಪೂರ್ತಿ ತಿರುಗಿಸಿ ಬಂದ. ಈಗ ಅವಳ ದನಿ ಗೋಡೆಗೆ ಬಾಯಿ ಇಟ್ಟಂತೆ ಹತ್ತಿರದಿಂದ ಬಂತು.

"ರೀ, ಅವತ್ತು ಡಾಕ್ಟರು ನಿಮ್ಮನ್ನ ಹೊರಗೆ ಕರೆದು ಏನಂದ್ರು?"

ನಡುವೆ ಇದ್ದದ್ದು ಹೆಬ್ಬೆರಳು ದಪ್ಪದ ಹಲಗೆ. ಒಂದೊಂದು ಅಕ್ಷರವೂ ಅವನನ್ನು ಮುಟ್ಟಿತು.

"ಏನಂದೆ? ನೀರಿನ ಸದ್ದಿಗೆ ಕೇಳಿಸ್ತಿಲ್ಲ."

ಆಗಲೇ ನೆನೆಸಿದ್ದ ಕಡೆಗೇ ಅವನು ಮತ್ತೆ ನೀರು ಬಿಡುತ್ತ ನಿಂತ.

"ಏನಿಲ್ಲ," ಅಂದಳು ಆಮೇಲೆ. "ಕಿಟಕಿ ಹತ್ರ ಇನ್ನೊಂದು ಸಲ ಬಿಡಿ ಅಂದೆ."

ಅವನು ಕಿಟಕಿಯ ಹತ್ತಿರ ಇನ್ನೊಂದು ಸಲ ಬಿಟ್ಟ.

ಭಾನುವಾರ ಸಮುದ್ರಕ್ಕೆ ಹೋದರು. ಬಾಗಿಲು ತೆರೆದಿಟ್ಟು, ಅಲೆಗಳತ್ತ ಮುಖ ಮಾಡಿ ಅವಳು ಮಲಗಿದಳು. ಅಲ್ಲಿಯೂ, ಆಮೇಲೆ ಉಳಿದ ದಿನಗಳಲ್ಲಿಯೂ ಆ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ. ಆ ಶನಿವಾರ ತನಗೆ ಎಲ್ಲವೂ ಕೇಳಿಸಿತ್ತು ಎಂದು ಅವನು ಅವಳಿಗೆ ಹೇಳಲೇ ಇಲ್ಲ.