ಮದುಮಗನ ಕ್ಷೌರ

ಬೋಳುತಲೆಯವರ ತಲೆಯನ್ನೇ ಮತ್ತೆ ಬೋಳಿಸುವ ಕಸುಬು ತುಂಚಾಯನದು. ಇಸ್ತಾಂಬುಲಿನ ಕೂದಲು ನೆಡುವ ಆಸ್ಪತ್ರೆಯೊಂದಕ್ಕೆ ಗಿರಾಕಿ ಹಿಡಿದು ತರುವ ದಲ್ಲಾಳಿ. ಬಂದವರ ಮುಂದೆ ತಲೆ ಬಗ್ಗಿಸಿ, "ಎಳೆದು ನೋಡಿ, ನಮ್ಮಲ್ಲೇ ನೆಟ್ಟಿದ್ದು" ಎನ್ನುತ್ತಿದ್ದ. ಆ ತಲೆಯನ್ನು ನಂಬಿ ನನ್ನ ತಮ್ಮ ಇಲ್ಕರ್ ಕೆಟ್ಟ. ಇನ್ನೂ ಎಳೆ ವಯಸ್ಸು, ಕೂದಲು ಉದುರುತ್ತಲೇ ಇತ್ತು. ಸದ್ಯ ಔಷಧಿ ಹಚ್ಚು, ನಾಲ್ಕು ವರ್ಷ ಕಾಯಿ ಎನ್ನಬೇಕಿದ್ದ ಡಾಕ್ಟರು ಅವನ ಮುಖವನ್ನೇ ನೋಡಲಿಲ್ಲ. ಯಾರೋ ಕೈಗೆ ಬಂದಂತೆ ಹಿಂದಲೆಯಿಂದ ಬೇರು ಕಿತ್ತರು. ಮುಂದೆ ನೆಟ್ಟಿದ್ದು ಹಿಡಿಯಲಿಲ್ಲ, ಹಿಂದೆ ಕಿತ್ತಿದ್ದು ಮತ್ತೆ ಹುಟ್ಟುವುದಿಲ್ಲ. ಈಗ ಅವನು ಅಮ್ಮನ ಮುಂದೆಯೂ ಟೋಪಿ ತೆಗೆಯುವುದಿಲ್ಲ.

ಅಂಥ ತುಂಚಾಯ್ ಮದುಮಗನಾಗಿ ಕ್ಷೌರಿಕನಾದ ನನ್ನ ಕತ್ತಿಗೇ ಬಂದು ಕತ್ತು ಕೊಟ್ಟ! ಹೆಣ್ಣಿನ ತಂದೆ ರೂಹಿ ನಮ್ಮ ಕೇರಿಯ ಹಿರಿಯರು. ಮದುವೆಯ ಕ್ಷೌರ ನನ್ನಿಂದಲೇ ಆಗಬೇಕೆಂದು ಅಂಗಳದಲ್ಲಿ ಕುರ್ಚಿ ಹಾಕಿಸಿ, ಡೋಲಿನವರನ್ನೂ ಕರೆಸಿದ್ದರು. ಅವನ ಮುಖ ತಮ್ಮನ ಫೋನಿನಲ್ಲಿ ನೋಡಿ ನೋಡಿ ನನಗೆ ಬಾಯಿಪಾಠ. ನಾನು ಯಾರೆಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಬಿಸಿ ಟವೆಲ್ ಸುತ್ತಿ, ಕತ್ತಿನ ಮೇಲೆ ಇಳಿಬಿಟ್ಟಿದ್ದ ಕೂದಲು ಎತ್ತಿದೆ. ಹುಳು ತಿಂದ ಕಂಬಳಿಯ ಹಾಗೆ ಅಲ್ಲೆಲ್ಲ ಬಿಳಿ ಚುಕ್ಕೆ, ಥೇಟ್ ಇಲ್ಕರನ ಹಿಂದಲೆ. ನೆತ್ತಿಯ ಮೇಲಿದ್ದುದು ಅಂಟು ಹಚ್ಚಿ ಕೂರಿಸಿದ ವಿಗ್ಗು. ಇವನಿಗೂ ಅಲ್ಲೇ ಕೆಟ್ಟಿತ್ತು. ಗೊತ್ತಿದ್ದೂ ನನ್ನ ತಮ್ಮನನ್ನು ಅದೇ ಬಾವಿಗೆ ತಳ್ಳಿದ್ದ. ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಅವನು ಹೆಣ್ಣಿನ ತಮ್ಮ ಬಹಾನನ್ನು ಕೂಗಿದ: "ಏ ಭಾವಮೈದ, ಮುಂದಿನ ವಾರ ಕೂದಲು ನೆಡಿಸ್ಕೊಳ್ಳೋ ಪಾಳಿ ನಿಂದೇ ಕಣೋ. ಈ ಭಾವನ ತಲೆ ನೋಡ್ಕೊ, ಹೆದರ್ಬೇಡ."

ಅರ್ಧ ಗಡ್ಡಕ್ಕೆ ಕೈ ನಿಲ್ಲಿಸಿ, "ಕತ್ತಿ ಹರೀತಿಲ್ಲ!" ಎಂದು ಕೂಗಿದೆ. ನಮ್ಮಲ್ಲಿ ಅದು ಕ್ಷೌರಿಕನ ಹಕ್ಕು. ಕೇಳಿದ್ದು ಕೊಡದೆ ಮದುಮಗ ಏಳುವಂತಿಲ್ಲ. ಗೆಳೆಯರು ನಗುತ್ತ ನೋಟು ಎಸೆದರು.

"ದುಡ್ಡು ಬೇಡ ಯಜಮಾನ್ರೆ. ಅಳಿಯಂದಿರು ತಲೆಗೊಂದಿಷ್ಟು ನಿಂಬೆ ಕೊಲೋನ್ ಹಾಕಿಸ್ಕೊಳ್ಳಲಿ, ಸಾಕು."

ತುಂಚಾಯನ ಮುಖ ಬಿಳಿಚಿತು. "ತಲೆಗೆ ಬೇಡ ಉಸ್ತಾದ್, ಕೈಗೆ ಹಾಕು."

"ಯಾಕ್ರೀ, ನೆಟ್ಟ ಕೂದಲು ನಿಂಬೆ ವಾಸನೆಗೆ ಹೆದರುತ್ತಾ?"

ಅಂಗಳವೆಲ್ಲ ಗೊಳ್ಳೆಂದಿತು. "ಹಾಕಿಸ್ಕೊಳ್ಳಪ್ಪ, ಶಾಸ್ತ್ರ ಅಲ್ವಾ" ಎಂದರು ರೂಹಿ.

ಬಾಟಲಿಯನ್ನೇ ಬಗ್ಗಿಸಿದೆ. ಟವೆಲ್ಲಿನ ಹಬೆಗೆ ಮೊದಲೇ ಮೆತ್ತಗಾಗಿದ್ದ ಅಂಟು ಕೊಲೋನಿನ ಸ್ಪಿರಿಟ್ಟಿಗೆ ಪೂರ್ತಿ ಬಿಟ್ಟುಕೊಂಡಿತು. ಹಣೆಯಿಂದ ಹಿಂದಕ್ಕೆ ಒಮ್ಮೆ ಉಜ್ಜಿದೆ, ವಿಗ್ಗು ಕೈಗೆ ಬಂತು. ಡೋಲು ನಿಂತಿತು. ನಾನು ಕುರ್ಚಿ ತಿರುಗಿಸಿ ಆ ಹಿಂದಲೆಯನ್ನು ಹುಡುಗನಿಗೆ ತೋರಿಸಿದೆ. "ಸರಿಯಾಗಿ ನೋಡ್ಕೊ ಬಹಾ. ಮುಂದಿನ ವಾರ ನಿನ್ನ ತಲೇನೂ ಹೀಗೇ."

ರೂಹಿ ಮಗನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಹಾ, ಎಂಥ ಸಮಾಧಾನ!

"ನಿಂಗೇನು ಮಾಡಿದ್ದೆ ನಾನು?" ಎಂದ ತುಂಚಾಯ್, ಕಣ್ಣೊರೆಸಿಕೊಳ್ಳುತ್ತ.

"ಇಲ್ಕರನ ಅಣ್ಣ ನಾನು."

ಆ ಹೆಸರಿಗೆ ಅವನು ಬೆವರಬೇಕೆಂದು ಇಷ್ಟು ದಿನ ಹಲ್ಲು ಮಸೆದಿದ್ದೆ. ಅವನು ಹುಬ್ಬು ಗಂಟಿಕ್ಕಿ ನಿಜವಾಗಿಯೂ ಯೋಚಿಸಿದ.

"ಯಾವ ಇಲ್ಕರ್?"

ವಿಗ್ಗು ಕಿತ್ತದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆ ಪ್ರಶ್ನೆಗೆ ಅವನನ್ನು ಇವತ್ತಿಗೂ ಕ್ಷಮಿಸಿಲ್ಲ.