ಏಣಿ ಹಿಡಿಯುವವರು

ನನ್ನ ವಾರಗಿತ್ತಿ ಕೆಟ್ಟವಳಲ್ಲ. ಅದೇ ನನ್ನ ಕಷ್ಟ. ಕೆಟ್ಟವಳಾಗಿದ್ದರೆ ನಾಲ್ಕು ಜನರ ಮುಂದೆ ದೂರಿ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಒಂದು ಲೋಟ ಸಕ್ಕರೆ ಕೇಳಿದರೆ ಡಬ್ಬಿಯನ್ನೇ ಕೈಗಿಡುವವಳ ಮೇಲೆ ಹೊಟ್ಟೆಕಿಚ್ಚು ಪಡುತ್ತೇನೆಂದು ಯಾರ ಹತ್ತಿರ ಹೇಳಿಕೊಳ್ಳಲಿ?

ನಮ್ಮದು ಒಂದೇ ಸೂರು, ನಡುವೆ ಒಂದು ಗೋಡೆ, ಎರಡು ಮನೆ. ಎಡಗಡೆ ನಾವು, ಬಲಗಡೆ ಮೈದುನನ ಸಂಸಾರ. ನಾನು ಮದುವೆಯಾಗಿ ಬಂದ ಮೇಲೆ ಹನ್ನೆರಡು ವರ್ಷ ಅತ್ತೆ ನಮ್ಮ ಜೊತೆಗೇ ಇದ್ದರು. ವಾರಗಿತ್ತಿಯ ಬಾಣಂತನಕ್ಕೆ "ಹದಿನೈದು ದಿನ ಕಣೇ, ಬಂದ್ಬಿಡ್ತೀನಿ" ಎಂದು ಪಕ್ಕದ ಬಾಗಿಲಿಗೆ ಹೋದವರು ಎರಡು ವರ್ಷ ಕಳೆದರೂ ವಾಪಸ್ ಬರಲಿಲ್ಲ. ಮಗು ಕೂತಿತು, ನಿಂತಿತು, ಓಡಿತು. ನಾನು ಗೋಡೆಯ ಈಚೆ ಕೂತು ಅವರ ಕೆಮ್ಮು ಕೇಳಿಸಿಕೊಳ್ಳುತ್ತಿದ್ದೆ.

ಏಳನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡವಳು ನಾನು. ನನ್ನ ತಲೆ ಬಾಚಿ, ಬೈದು, ಕೆಲಸ ಕಲಿಸಿದವರು ಅತ್ತೆಯೇ. ವಾರಗಿತ್ತಿಗೆ ತಾಯಿ ಇದ್ದಾರೆ, ಇಬ್ಬರು ಅಕ್ಕಂದಿರಿದ್ದಾರೆ. ಅತ್ತೆಯೂ ಬೇಕಿತ್ತಾ ಅವಳಿಗೆ?

ಕಳೆದ ಮೂರು ತಿಂಗಳು ಅತ್ತೆ ನಾದಿನಿಯ ಮನೆಯಲ್ಲಿದ್ದರು. ಶುಕ್ರವಾರ ಫೋನ್ ಬಂತು. "ಭಾನುವಾರ ಬರ್ತೀನಿ. ಯಾರ ಮನೇಲಿರೋದು ಅಂತ ಬಂದ್ಮೇಲೆ ನೋಡೋಣ." ನೋಡೋಣ ಅಂದರೆ ಅತ್ತೆ ನಿಜವಾಗಿಯೂ ನೋಡುತ್ತಾರೆ. ಇಪ್ಪತ್ತೆಂಟು ವರ್ಷ ದೊಡ್ಡ ಆಸ್ಪತ್ರೆಯೊಂದರಲ್ಲಿ ಸ್ವಚ್ಛತೆಯ ಮೇಲ್ವಿಚಾರಕಿಯಾಗಿದ್ದವರು. ಯಾರ ಮನೆಗೆ ಹೋದರೂ ಸೆರಗಿನಿಂದ ಬಿಳಿ ಕರವಸ್ತ್ರ ತೆಗೆದು ಗೇಟಿನ ಮೇಲಂಚು, ಮೀಟರ್ ಪೆಟ್ಟಿಗೆಯ ನೆತ್ತಿ ಒರೆಸಿ ನೋಡುವುದು ಅವರ ಚಾಳಿ. "ಒಳಗೆ ಎಲ್ರೂ ಗುಡಿಸ್ತಾರೆ. ಹೊರಗೆ ಎಷ್ಟು ಜನ ನೋಡ್ತಾರೆ ಹೇಳು?" ಎನ್ನುತ್ತಿದ್ದರು. ವರ್ಷಕ್ಕೊಂದು ಭಾನುವಾರ ನಾವಿಬ್ಬರೂ ಸೇರಿ ಮನೆಯ ಹೊರಮೈ ತೊಳೆಯುತ್ತಿದ್ದೆವು. ನಾನು ಏಣಿಯ ಮೇಲೆ, ಅವರು ಕೆಳಗೆ ಏಣಿ ಹಿಡಿದು. ಅವರ ಕಾನೂನು ಎರಡೇ. ಒಬ್ಬರೇ ಏಣಿ ಹತ್ತಬಾರದು. ಸೂರಿನಂಚಿನ ಮಳೆನೀರಿನ ದೋಣಿಯ ಕೊಳೆಯನ್ನು ನೀರು ಬಿಟ್ಟು ತಳ್ಳಬಾರದು, ಕೈಯಿಂದ ಬಾಚಿ ಬಕೆಟ್ಟಿಗೆ ಹಾಕಬೇಕು.

ಶನಿವಾರ ಬೆಳಗ್ಗೆ ಸೀರೆ ಎತ್ತಿ ಕಟ್ಟಿದೆ. ಕರೆಗಂಟೆಯ ಗುಂಡಿಯ ಸುತ್ತ ಬೆರಳುಗಳ ಜಿಡ್ಡು ಕಪ್ಪು ಉಂಗುರವಾಗಿತ್ತು, ಅದನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಬಾಗಿಲ ದೀಪದ ಗಾಜಿನ ಬುರುಡೆಯೊಳಗೆ ಹಿಡಿ ತುಂಬ ಸತ್ತ ಹುಳ. ಅಂಚೆಪೆಟ್ಟಿಗೆಯ ತಳದಲ್ಲಿ ಜೇಡನ ಸಂಸಾರ. ಕಿಟಕಿಯ ಸರಳುಗಳ ಹಿಂಬದಿ, ಸಜ್ಜದ ಅಡಿ, ಗೇಟಿನ ಬಿಜಾಗರಿ, ಹೂಕುಂಡ ಎತ್ತಿದರೆ ನೆಲದ ಮೇಲೆ ಉಳಿಯುವ ಪಾಚಿಯ ಬಳೆ, ಒಂದನ್ನೂ ಬಿಡಲಿಲ್ಲ.

ನನ್ನ ಗಂಡ ಕಾಫಿ ಹೀರುತ್ತಾ ಬಂದು ನಿಂತರು. "ಬರ್ತಿರೋದು ಅಮ್ಮಾನೋ, ಮಂತ್ರೀನೋ?"

"ಸುಮ್ನಿರಿ. ಆ ಲೋಟಾನ ಗೋಡೆ ಮೇಲೆ ಇಡ್ಬೇಡಿ."

ನಡುನಡುವೆ ಬಲಗಡೆ ಕಣ್ಣು ಹಾಯಿಸುತ್ತಿದ್ದೆ. ಅವಳ ಸಜ್ಜದಡಿ ಬಲೆಗಳು ತೂಗುತ್ತಿದ್ದವು. ಮೀಟರ್ ಪೆಟ್ಟಿಗೆಯ ಮೇಲೆ ಹಕ್ಕಿ ಹಿಕ್ಕೆ. ಎಣಿಸಿ ಎಣಿಸಿ ಖುಷಿಪಟ್ಟೆ. ನಾನು ಏಣಿ ಹೊರತಂದಾಗ ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡು ಓಡಿ ಬಂದಳು. "ಅಕ್ಕಾ, ಒಬ್ರೇ ಹತ್ತಬೇಡಿ. ನಾನು ಹಿಡ್ಕೊಳ್ತೀನಿ."

"ಬೇಡಮ್ಮ, ನೀನು ಮಗು ನೋಡ್ಕೋ," ಎಂದೆ, ಬಾಯಲ್ಲಿ ಬೆಲ್ಲ ಇಟ್ಟುಕೊಂಡು. ಏಣಿಯ ಕಾಲ ಬಳಿ ಅವಳು ನಿಲ್ಲುವುದೇ? ಅದು ಅತ್ತೆಯ ಜಾಗ.

ಮೇಲೆ ಹತ್ತಿ ದೋಣಿಯೊಳಗೆ ನೋಡಿದರೆ ಒಂದು ವರ್ಷದ ಎಲೆ ಕೊಳೆತು ಕರಿ ಹಿಟ್ಟಿನಂತಾಗಿತ್ತು. ಎರಡೂ ಮನೆಗೆ ಸೇರಿದ ಒಂದೇ ದೋಣಿ ಅದು. ಇಳಿಜಾರು ಅವಳ ಕಡೆಗೆ, ನೀರಿಳಿಯುವ ಕೊಳವೆ ಇರುವುದೂ ಅವಳ ಬಾಗಿಲ ಪಕ್ಕ. ಬಕೆಟ್ ನನ್ನ ಕೈಯಲ್ಲೇ ಇತ್ತು. ಆದರೆ ಪಕ್ಕದ ಮನೆಯೊಳಗಿಂದ "ಅಜ್ಜಿ ನಾಳೆ ಬರ್ತಾಳೆ, ನಮ್ಮನೆಗೇ ಬರ್ತಾಳೆ" ಎಂದು ಅವಳು ಮಗುವಿಗೆ ಹೇಳುವುದು ಕೇಳಿಸಿತು. ಹೊಟ್ಟೆಗೆ ಬೆಂಕಿ ಬಿತ್ತು. ಕೆಳಗಿಳಿದು ಬಕೆಟ್ ಇಟ್ಟು, ನಲ್ಲಿ ಪೂರ್ತಿ ತಿರುಗಿಸಿ, ರಬ್ಬರ್ ಪೈಪ್ ಎಳೆದುಕೊಂಡು ಮತ್ತೆ ಏಣಿ ಹತ್ತಿ ದೋಣಿಗೆ ನೀರು ಬಿಟ್ಟೆ. ಕೊಳೆಯೆಲ್ಲ ಬಲಗಡೆಗೆ ಸರಿಯಿತು. ನನ್ನ ಭಾಗ ತಟ್ಟೆಯಂತೆ ಹೊಳೆಯಿತು.

ಸಂಜೆಯ ಹೊತ್ತಿಗೆ ಅವಳ ಕೊಳವೆ ಕಟ್ಟಿಕೊಂಡಿತು. ದೋಣಿ ತುಂಬಿ ಕರಿನೀರು ಅವಳ ಗೋಡೆಯ ಮೇಲಿಂದ ಇಳಿದು ಹೊಸ್ತಿಲ ಮುಂದೆ ನಿಂತಿತು. ಅವಳು ಎರಡು ಸಲ ಒರೆಸಿದಳು, ಮತ್ತೆ ತೊಟ್ಟಿಕ್ಕಿತು. "ಇದೆಲ್ಲಿಂದ ಬರ್ತಿದೆ ಅಕ್ಕಾ?" ಎಂದು ಕೇಳಿದಳು. ಪಾಪ ಎನ್ನಿಸಿತು. ಆದರೂ "ಹಳೇ ಮನೆ ಅಲ್ವಾ," ಎಂದೆ.

ಭಾನುವಾರ ಅತ್ತೆ ಬಂದರು. ಬ್ಯಾಗನ್ನು ಎರಡು ಮನೆಯ ನಡುವೆ ನೆಲದ ಮೇಲಿಟ್ಟು ಮೊದಲು ನನ್ನ ಗೇಟಿಗೇ ಬಂದರು. ಕರವಸ್ತ್ರ ಹೊರಬಂತು. ಗೇಟಿನ ಅಂಚು, ಬಿಜಾಗರಿ, ಕರೆಗಂಟೆ, ಮೀಟರ್ ಪೆಟ್ಟಿಗೆ. ಕರವಸ್ತ್ರ ಬಿಳಿಯಾಗಿಯೇ ಇತ್ತು. ಅವರು ತಲೆಯೆತ್ತಿ ದೋಣಿಯನ್ನು ನೋಡಿದರು.

"ಏಣಿ ಯಾರು ಹಿಡಿದ್ರು?"

"ಯಾರೂ ಇಲ್ಲ. ನಾನೊಬ್ಳೇ ಮಾಡ್ದೆ ಅತ್ತೆ," ಎಂದೆ. ಶಹಬ್ಬಾಸ್ ಎನ್ನುತ್ತಾರೆಂದು ಕಾದೆ.

ಅವರು ಪಕ್ಕದ ಬಾಗಿಲಿಗೆ ನಡೆದರು. ಗೋಡೆಯ ಮೇಲಿನ ಕರಿ ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ನನ್ನ ಕಡೆಗೆ ಕಣ್ಣಲ್ಲೇ ಓದಿದರು. ನನ್ನ ಮುಖ ನೋಡಿದರು. ಸೆರಗು ಸಿಕ್ಕಿಸಿಕೊಂಡು ವಾರಗಿತ್ತಿಗೆ "ಬಕೆಟ್ ತಗೊಂಡ್ ಬಾರೇ. ಏಣಿ ನಾನು ಹಿಡ್ಕೊಳ್ತೀನಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಮನೇಲಿ ನಂಗೆ ಕೆಲಸಾನೇ ಉಳಿಸಿಲ್ವಲ್ಲೇ. ಇಲ್ಲಿ ಬೇಕಾದಷ್ಟಿದೆ. ಇಲ್ಲೇ ಇರ್ತೀನಿ," ಎಂದರು. ಬ್ಯಾಗು ಬಲಗಡೆಯ ಬಾಗಿಲೊಳಗೆ ಹೋಯಿತು.

ಮಾಡಿದ್ದುಣ್ಣೋ ಮಹರಾಯ. ಥಳಥಳಿಸುವ ನನ್ನ ಕಿಟಕಿಯ ಹಿಂದೆ ನಿಂತು ಎಲ್ಲವನ್ನೂ ನೋಡಿದೆ. ಅವಳು ಏಣಿಯ ಮೇಲೆ, ಕೆಳಗೆ ನನ್ನ ಅತ್ತೆ. "ಎಡಗೈ ಊರು, ಬಲಗೈಯಲ್ಲಿ ಬಾಚು." ನನಗೆ ಹೇಳಿಕೊಟ್ಟ ಮಾತುಗಳೇ. ಅಷ್ಟು ಸಂಕಟ ನನಗೆ ಎಂದೂ ಆಗಿರಲಿಲ್ಲ.

ನಾಲ್ಕು ದಿನ ತಡೆದೆ. ಗುರುವಾರ ಮಧ್ಯಾಹ್ನ ಹೂಕುಂಡದಿಂದ ಹಸಿ ಮಣ್ಣು ತೆಗೆದು ಗೇಟಿನ ಅಂಚಿಗೆ, ಕರೆಗಂಟೆಗೆ, ಮೀಟರ್ ಪೆಟ್ಟಿಗೆಗೆ ಬಳಿದೆ. ಕೈ ತೊಳೆದುಕೊಂಡು ಕೂಗಿದೆ. "ಅತ್ತೇ, ಸ್ವಲ್ಪ ಬಂದು ನೋಡಿ, ಎಷ್ಟು ಧೂಳು ಕೂತಿದೆ!"

ಅತ್ತೆ ಬಂದರು. ಕರವಸ್ತ್ರ ತೆಗೆಯಲೇ ಇಲ್ಲ. ಗೇಟಿನ ಮೇಲೆ ಸಾಲಾಗಿ ಮೂಡಿದ್ದ ನನ್ನ ನಾಲ್ಕು ಬೆರಳಿನ ಗೆರೆಗಳನ್ನು ನೋಡಿದರು. ನನ್ನ ಉಗುರುಗಳ ಸಂದಿಯಲ್ಲಿದ್ದ ಮಣ್ಣನ್ನೂ ನೋಡಿದರು.

"ಒಬ್ಳೇ ಏಣಿ ಹತ್ತಿದ್ಯಲ್ಲೇ. ಬಿದ್ದಿದ್ರೆ?" ಎಂದರು. ಕೊಳೆಯ ಮಾತೇ ಎತ್ತಲಿಲ್ಲ. ನನಗೆ ಅಳು ಬಂತು. "ಭಾನುವಾರ ಬರ್ತೀನಿ. ಇಬ್ರೂ ಸೇರಿ ತೊಳೆಯೋಣ. ಅಲ್ಲಿವರೆಗೆ ಏನೂ ಮುಟ್ಬೇಡ," ಎಂದು ಹೇಳಿ ಪಕ್ಕದ ಮನೆಗೇ ಹೋದರು. ಒಳಗಿಂದ ಮಗುವಿನ ನಗು ಕೇಳಿಸಿತು. ಆ ಕಿಚ್ಚು ಆರಲಿಲ್ಲ, ಆರಿತೆಂದರೆ ಸುಳ್ಳಾಗುತ್ತದೆ.

ಸಂಜೆ ನನ್ನ ಗಂಡ ಕೆಲಸ ಮುಗಿಸಿ ಬಂದರು. "ಇದೇನೇ ಗೇಟಿಗೆಲ್ಲ ಮಣ್ಣು?" ಎಂದು ಜೇಬಿನಿಂದ ಕರವಸ್ತ್ರ ತೆಗೆದರು. ನಾನು ಒಳಗಿಂದ ಓಡಿ ಬಂದು ಅವರ ಕೈ ಹಿಡಿದುಕೊಂಡೆ.

"ಒರೆಸಿದ್ರೆ ನೋಡಿ! ಭಾನುವಾರದವರೆಗೆ ಅದನ್ನ ಯಾರೂ ಮುಟ್ಟೋ ಹಾಗಿಲ್ಲ."