ಗೋಡೆಯಾಚೆಯ ಕೂಗು

ಫುಟ್‌ಬಾಲ್ ತಂಡದಲ್ಲಿ ಎಲ್ಲರೂ ಅವನನ್ನು ಬೆಂಚು ಎಂದು ಕರೆಯುತ್ತಿದ್ದರು. ಎರಡನೆಯ ಗೋಲ್‌ಕೀಪರನಿಗೆ ಅದಕ್ಕಿಂತ ಹೊಂದುವ ಹೆಸರು ಸಿಗುವುದು ಕಷ್ಟ. ಮೊದಲನೆಯ ಗೋಲ್‌ಕೀಪರ್ ಅವನ ಅಕ್ಕನ ಗಂಡ. ಪ್ರತಿ ಪಂದ್ಯಕ್ಕೆ ಮೊದಲು ಬೆಂಚು ಭಾವನ ಕಡೆಗೆ ಚೆಂಡು ಒದೆಯಬೇಕಾಗಿತ್ತು. ಎಡಕ್ಕೆ, ಬಲಕ್ಕೆ, ತಲೆಯ ಮೇಲಕ್ಕೆ. ಭಾವನ ಮೈ ಬಿಸಿಯೇರಿದ ಮೇಲೆ ತಾನು ಹೋಗಿ ಅಂಗಳದ ಹೊರಗೆ ಬೆಂಚಿನ ಮೇಲೆ ಕೂರಬೇಕು. ಹೊಸ ಕೈಗವಸು ಬಂದರೂ ಅಷ್ಟೇ. ಒರಟಾಗಿರುತ್ತದೆಂದು ಅಭ್ಯಾಸದಲ್ಲಿ ಬೆಂಚು ತೊಟ್ಟು ಮೆತ್ತಗೆ ಮಾಡಿಕೊಡುತ್ತಿದ್ದ, ಪಂದ್ಯದ ದಿನ ಭಾವ ತೊಡುತ್ತಿದ್ದ. ಅಡಿಗೆ ಮಾಡಿ ಇನ್ನೊಬ್ಬರಿಗೆ ಬಡಿಸಿ, ಬಾಗಿಲಲ್ಲಿ ಹಸಿದು ನಿಂತವನ ಹಾಗೆ ಅವನ ಬಾಳು ಸಾಗಿತ್ತು.

ಇದನ್ನೂ ಅವನು ಸಹಿಸಿಕೊಳ್ಳುತ್ತಿದ್ದನೇನೋ. ಆದರೆ ಆ ವರ್ಷ ಅವನ ಅಪ್ಪ ತೀರಿಕೊಂಡರು. ಮಗ ಆಡುವುದನ್ನು ನೋಡಬೇಕೆಂದು ಪ್ರತಿ ಪಂದ್ಯಕ್ಕೂ ಬಂದು, ಮಗ ಕೂತಿರುವುದನ್ನು ನೋಡಿ ಮನೆಗೆ ಹೋಗುತ್ತಿದ್ದವರು. ಕೊನೆಯ ದಿನ ಆಸ್ಪತ್ರೆಯಲ್ಲಿ ಮಂಚದ ಆ ಕಡೆ ಭಾವ, ಈ ಕಡೆ ಬೆಂಚು ನಿಂತಿದ್ದರು. ಅಪ್ಪ ಕಣ್ಣು ತೆರೆದು ನೀರು ಕೇಳಿದ್ದು ಅಳಿಯನನ್ನು. ಲೋಟ ತುಂಬಿಸಿಕೊಟ್ಟವನು ಬೆಂಚು, ಕುಡಿಸಿದವನು ಭಾವ. ದೇವರು ದಯಾಳು, ಹೋಗುವವರ ಬಾಯಾರಿಕೆಯನ್ನು ಹೇಗಾದರೂ ತಣಿಸುತ್ತಾನೆ. ಉಳಿದವರ ಬಾಯಾರಿಕೆಗೆ ಅವನು ಯಾಕೆ ಅಷ್ಟು ಅವಸರ ಮಾಡುವುದಿಲ್ಲವೋ ತಿಳಿಯದು.

ಅದೇ ಸಮಯಕ್ಕೆ ತಂಡದಲ್ಲಿ ಜಗಳ ಹತ್ತಿತು. ಚಿಗರೆ ಎಂದು ಕರೆಸಿಕೊಳ್ಳುತ್ತಿದ್ದ ಮುಂಚೂಣಿಯ ಆಟಗಾರನಿಗೆ ಪಂದ್ಯದಲ್ಲಿ ಮಂಡಿ ಮುರಿಯಿತು. ಆಡಲಾಗದವನ ಕರಾರು ಅಂದಿಗೇ ಮುಗಿಯಿತು ಎಂದು ಮಾಲೀಕರು ಅವನನ್ನು ತೆಗೆದುಹಾಕಿದರು. ಕರಾರಿನಲ್ಲಿ ಹಾಗೊಂದು ಸಾಲು ಮೊದಲಿನಿಂದಲೂ ಇತ್ತು, ಯಾರೂ ಗಮನಿಸಿರಲಿಲ್ಲ. ಆ ಸಾಲನ್ನು ಹೊಡೆದುಹಾಕುವ ತನಕ ಅಂಗಳಕ್ಕೆ ಇಳಿಯುವುದಿಲ್ಲ ಎಂದು ಆಟಗಾರರು ಹಟ ಹಿಡಿದರು. ಮಾಲೀಕರು ಬಟ್ಟೆ ಬದಲಿಸುವ ಕೋಣೆಗೆ ಬೀಗ ಹಾಕಿಸಿದರು. ಆಟಗಾರರು ದಿನವೂ ಕ್ರೀಡಾಂಗಣದ ಗೇಟಿನ ಮುಂದೆ ಸಾಲಾಗಿ ನಿಂತರು. ಎಲ್ಲರ ಪರವಾಗಿ ಮಾತಾಡುವವನು ಭಾವ. ಅಲ್ಲಿಯೂ ಅವನೇ ಮೊದಲನೆಯವನು.

ಒಂದು ಮಧ್ಯಾಹ್ನ ತಂಡದ ಮ್ಯಾನೇಜರು ಬೆಂಚುವಿನ ಮನೆಗೆ ಬಂದರು. ಇಷ್ಟು ವರ್ಷ ಏಕವಚನದಲ್ಲೇ ಕರೆಯುತ್ತಿದ್ದವರು ಆ ದಿನ ಬಹುವಚನ ಹಚ್ಚಿದರು.

"ಭಾನುವಾರ ಪಂದ್ಯ ನಡೆಸ್ತೀವಿ. ಹೊಸಬರನ್ನ ಸೇರಿಸಿದ್ದಾಯ್ತು. ಗೋಲಿಗೆ ನೀವು ಬನ್ನಿ."

"ನಾನಾ?"

"ಮತ್ತೆ ಯಾರು? ನಿಮ್ಮ ಕೈ ಯಾರಿಗೆ ಕಡಿಮೆ? ಕೂರಿಸಿ ಕೂರಿಸಿ ತುಕ್ಕು ಹಿಡಿಸಿದ್ರು ಅಷ್ಟೇ."

ಅವರು ಹೋದ ಮೇಲೆ ಅಮ್ಮ ಒಗೆದ ಬಟ್ಟೆ ಮಡಿಸುತ್ತಲೇ ಹೇಳಿದಳು.

"ಬೇಡಪ್ಪ. ಅದು ಅಳಿಯಂದಿರ ಜಾಗ."

"ಜಾಗದ ಮೇಲೆ ಅವರ ಹೆಸರು ಕೆತ್ತಿದೆಯೇನಮ್ಮ?"

"ಕೆತ್ತಿಲ್ಲ. ಕೆತ್ತದೇನೇ ಎಲ್ಲರಿಗೂ ಗೊತ್ತಿದೆಯಲ್ಲ."

ಅಮ್ಮ ಕೇಡು ಬಯಸಿ ಆಡಿದ ಮಾತಲ್ಲ. ಆದರೆ ಹೋಗಬೇಕೋ ಬೇಡವೋ ಎಂದು ತೂಗಾಡುತ್ತಿದ್ದ ಅವನ ಮನಸ್ಸು ಆ ಮಾತಿನಿಂದ ಗಟ್ಟಿಯಾಯಿತು.

ಭಾನುವಾರ ಅವನು ಗೇಟಿನ ಮುಂದೆ ಬಂದಾಗ ಸಾಲಿನಲ್ಲಿದ್ದವರು ದಾರಿ ಬಿಟ್ಟು ಸರಿದರು. ಗೂಟ ಎಂಬ ಅಡ್ಡಹೆಸರಿನವನೊಬ್ಬ ಮಾತ್ರ ಬಾಯಿಬಿಟ್ಟ. ಗೋಲಿನ ಮುಂದೆ ನೆಟ್ಟಂತೆ ನಿಂತು ಚೆಂಡು ತಡೆಯುವ ರಕ್ಷಣಾ ಆಟಗಾರ ಅವನು.

"ನೋಡ್ರೋ, ಬೆಂಚಿಗೆ ಕಾಲಿರೋದು ಗೊತ್ತಿತ್ತು. ನಡೆಯೋಕೂ ಬರುತ್ತೆ ಅಂತ ಇವತ್ತು ಗೊತ್ತಾಯ್ತು!"

ಯಾರೂ ನಗಲಿಲ್ಲ. ಭಾವ ಗೋಡೆಯ ಕಡೆಗೆ ಮುಖ ಮಾಡಿ ನಿಂತಿದ್ದ, ತಿರುಗಲಿಲ್ಲ. ಕೊರಳಪಟ್ಟಿ ಹಿಡಿದು ಬೈದಿದ್ದರೂ ಬೆಂಚುವಿಗೆ ಸಮಾಧಾನವಾಗುತ್ತಿತ್ತು. ತನ್ನನ್ನು ನೋಡಿ ಆ ಮನುಷ್ಯನ ಹೊಟ್ಟೆ ಒಂದು ಸಲವಾದರೂ ಉರಿಯಲಿ ಎಂಬುದೇ ಅವನ ಆಸೆ. ನೋಡದವನ ಹೊಟ್ಟೆ ಉರಿಯುವುದು ಹೇಗೆ?

ಒಳಗೆ ಅವನ ಮೈ ಬಿಸಿ ಮಾಡಲು ಚೆಂಡು ಒದೆಯುವವರು ಯಾರೂ ಇರಲಿಲ್ಲ. ತಾನೇ ಗೋಡೆಗೆ ಒದ್ದು, ಮರಳಿ ಬಂದದ್ದನ್ನು ತಾನೇ ಹಿಡಿದ. ಜನ ಅಲ್ಲೊಬ್ಬ ಇಲ್ಲೊಬ್ಬ ಕೂತಿದ್ದರು. ಅಪ್ಪ ಕೂರುತ್ತಿದ್ದ ಕಡೆಗೆ ಒಮ್ಮೆ ನೋಡಿ ಕಣ್ಣು ಹೊರಳಿಸಿದ.

ಆದರೂ ಅವನು ಚೆನ್ನಾಗಿ ಆಡಿದ. ನಿಜವನ್ನು ಹೇಳಬೇಕಾದರೆ, ಬಹಳ ಚೆನ್ನಾಗಿ ಆಡಿದ. ಚೆಂಡು ಮೇಲೆ ಬಂದಾಗಲೆಲ್ಲ "ನಂದು!" ಎಂದು ಕೂಗಿ ಹಾರಿ ಹಿಡಿದ. ಇದ್ದಷ್ಟು ಜನ ಚಪ್ಪಾಳೆ ತಟ್ಟಿದರು. ಆಟ ಮುಗಿಯುತ್ತ ಬಂದಾಗ ಎದುರಾಳಿಗಳು ಮೂಲೆಯಿಂದ ಚೆಂಡು ಒದ್ದರು. ಒಬ್ಬ ಎತ್ತರದ ಆಟಗಾರ ಎಡಗಡೆಯಿಂದ ನುಗ್ಗುವುದು ಬೆಂಚುವಿಗೆ ಕಾಣಿಸಿತು. ಬೆಂಚಿನ ಮೇಲೆ ಕೂತೇ ವರ್ಷಗಟ್ಟಲೆ ಕೂಗಿದ ಮಾತು ತಾನಾಗಿ ಬಾಯಿಂದ ಹೊರಟಿತು.

"ಗೂಟ, ಎಡಕ್ಕೆ! ಎಡಕ್ಕೆ ಹೋಗೋ!"

ಮುಂದೆ ನಿಂತಿದ್ದ ಹೊಸ ಹುಡುಗನಿಗೆ ತಾನು ಯಾರ ಜಾಗದಲ್ಲಿ ನಿಂತಿದ್ದೇನೆ ಎಂಬುದೇ ಗೊತ್ತಿರಲಿಲ್ಲ. ಗೂಟ ಎಂದರೆ ಯಾರು ಎಂದು ಅವನು ಹಿಂದಕ್ಕೆ ತಿರುಗಿ ನೋಡಿದ. ಅಷ್ಟರಲ್ಲಿ ಚೆಂಡು ಬಲೆಯೊಳಗಿತ್ತು. ಆ ಒಂದು ಗೋಲಿನಿಂದಲೇ ಸೋತರು.

ಹೊರಗೆ ಹೋಗಲು ಇದ್ದದ್ದು ಒಂದೇ ಗೇಟು, ಅಲ್ಲಿ ಸಾಲು ಇನ್ನೂ ನಿಂತಿತ್ತು. ಗೂಟನ ಅಂಗಿಯ ಮೇಲೆ ಚಹಾ ಚೆಲ್ಲಿ ಕಲೆಯಾಗಿತ್ತು.

"ಯಾಕೋ ಕರೆದೆ ನನ್ನ?" ಎಂದು ಅವನು ಗದರಿದ. "ಒಳಗಿಂದ ನೀನು ಕೂಗಿದ್ದೇ ತಡ, ಲೋಟ ಕೈಯಲ್ಲಿ ಹಿಡ್ಕೊಂಡೇ ಎಡಕ್ಕೆ ಹಾರಿದೆ. ಇಡೀ ರಸ್ತೆ ನಕ್ಕಿತು. ಕೆಲಸ ಬಿಟ್ಟರೂ ಕಾಲು ಕೇಳಬೇಕಲ್ಲ!"

ಈ ಸಲ ಒಬ್ಬಿಬ್ಬರು ನಕ್ಕರು. ಭಾವ ನಗಲಿಲ್ಲ, ಹತ್ತಿರ ಬಂದ.

"ಆ ಚೆಂಡು ನಾನಿದ್ರೂ ಒಳಗೆ ಹೋಗ್ತಿತ್ತು. ಗೂಟ ಇಲ್ಲದೆ ನಾನ್ಯಾವ ಗೋಲ್‌ಕೀಪರು?" ಎಂದ. ಆಮೇಲೆ ದನಿ ತಗ್ಗಿಸಿದ. "ಉಳಿದದ್ದೆಲ್ಲ ಹಿಡಿದೆ ಅಲ್ವಾ? ನೀನು 'ನಂದು' ಅನ್ನೋದು, ಜನ ಚಪ್ಪಾಳೆ ತಟ್ಟೋದು, ಎಲ್ಲಾ ಕೇಳಿಸ್ತಿತ್ತು. ಹಿಡೀದೇ ಇರಲಿ ಅಂತ ದೇವರನ್ನ ಬೇಡ್ಕೊಂಡೆ. ಅಂಥದ್ದನ್ನ ಬೇಡಬಾರದು. ಆದ್ರೂ ಬೇಡ್ಕೊಂಡೆ. ಹೊಟ್ಟೆ ಉರೀತು ಕಣೋ."

ಈ ಮಾತಿಗಾಗಿ ಬೆಂಚು ಎಷ್ಟು ವರ್ಷ ಕಾದಿದ್ದನೋ! ಅದು ಮೊದಲು ಸಿಹಿಯಾಗಿಯೇ ಇತ್ತು. ಆಮೇಲೆ ಅವನು ಭಾವನ ಮುಖ ನೋಡಿದ. ಬಿಗಿದ ದವಡೆ, ಎತ್ತಲೋ ಹೊರಳುವ ಕಣ್ಣು. ಗಡ್ಡ ಬೋಳಿಸಿಕೊಳ್ಳುವಾಗ ದಿನವೂ ಕನ್ನಡಿಯಲ್ಲಿ ಕಾಣುತ್ತಿದ್ದ ತನ್ನದೇ ಮುಖ ಅದು. ಇಂಥ ಮುಖವನ್ನು ಇನ್ನೊಬ್ಬರಿಗೆ ಅಂಟಿಸಿ ಏನು ಸುಖ ಎಂದು ಅವನಿಗೆ ಅನ್ನಿಸಿತು.

"ಭಾವ, ನಾಳೆಯಿಂದ ನಾನೂ ಇಲ್ಲಿ ನಿಲ್ಲಲಾ?"

"ನನ್ನ ಕೇಳಬೇಡ. ಕೈ ಎತ್ತಿ ತೀರ್ಮಾನ ಮಾಡ್ತೀವಿ. ನಾನಂತೂ ಎತ್ತಲ್ಲ. ಬೇಕು ಅಂತಾನೂ ಇಲ್ಲ, ಬೇಡ ಅಂತಾನೂ ಇಲ್ಲ. ಇವತ್ತು ಇದು ಹೊಟ್ಟೆಕಿಚ್ಚಿನ ಕೈ, ನಂಬೋ ಹಾಗಿಲ್ಲ."

ಭಾವ ತನ್ನ ಎರಡು ಕೈಗಳನ್ನೂ ಜೇಬಿಗೆ ತುರುಕಿಕೊಂಡ. ಬೆಂಚು ತಲೆ ತಗ್ಗಿಸಿದ. ಆಗ ಊರುಗೋಲು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ ಚಿಗರೆ ಕೈ ಎತ್ತಿದ.

"ಮಂಡಿ ಹೋಗಿದ್ದು ನಂದು. ನಾಳೆ ಇವನಿಗೂ ಹೋಗಬಹುದು. ಇರಲಿ ಬಿಡಿ."

"ಅಂಗಿ ಒಗೆದುಕೊಡಬೇಕು ಅವನು," ಎಂದು ಗೊಣಗುತ್ತ ಗೂಟನೂ ಎತ್ತಿದ. ಮತ್ತೆ ಕೆಲವರು ಎತ್ತಿದರು. ಎತ್ತದವರೂ ಇದ್ದರು, ಅವರು ಅವನ ಕೂಡ ಬಹಳ ದಿನ ಮಾತಾಡಲಿಲ್ಲ. ಆದರೆ ಎತ್ತಿದವರೇ ಹೆಚ್ಚು.

ಮುಂದಿನ ಭಾನುವಾರವೂ ಮಾಲೀಕರು ಮಣಿದಿರಲಿಲ್ಲ. ಎಲ್ಲಿಂದಲೋ ಇನ್ನೊಬ್ಬ ಗೋಲ್‌ಕೀಪರನನ್ನು ಕರೆತಂದು ಪಂದ್ಯ ನಡೆಸಿದರು. ಬೆಂಚು ಸಾಲಿನ ಕೊನೆಯಲ್ಲಿ ನಿಂತಿದ್ದ. ಗೋಡೆಯಾಚೆಯಿಂದ ಅಪರಿಚಿತ ಕಂಠವೊಂದು "ನಂದು! ನಂದು!" ಎಂದು ಅರಚಿತು. ಜನ ಚಪ್ಪಾಳೆ ತಟ್ಟಿದರು. ಬೆಂಚು ಹಲ್ಲು ಕಚ್ಚಿದ. ಅವನು ಅತ್ತ ನೋಡಿದರೆ, ಭಾವನೂ ಸಾಲು ಬಿಟ್ಟು ಬಂದು ಗೋಡೆಗೆ ಕಿವಿ ಕೊಟ್ಟಿದ್ದ.

"ಕೇಳಿದೆಯಾ? ತಡವಾಗಿ ಕೂಗ್ತಾನೆ," ಎಂದ ಭಾವ.

"ಕಾಲೂ ತಡ ಇರಬೇಕು, ಭಾವ. ಹಿಡಿದಿದ್ದು ಅದೃಷ್ಟ."

"ಅದೃಷ್ಟ ಎಷ್ಟು ಹೊತ್ತು ಕಾಯುತ್ತೆ?"

ಗೂಟ ಇಬ್ಬರನ್ನೂ ನೋಡಿ ಚಪ್ಪಾಳೆ ಹೊಡೆದ. "ನೋಡ್ರಪ್ಪ, ಮೂರನೆಯವಳು ಮನೆಗೆ ಬಂದಳು, ಸವತಿಯರಿಬ್ಬರೂ ಒಂದಾದ್ರು!"

ಸಾಲಿಗೆ ಸಾಲೇ ನಕ್ಕಿತು. ಅವರಿಬ್ಬರಿಗೆ ನಗಲು ಪುರಸೊತ್ತಿರಲಿಲ್ಲ. ಒಳಗೆ ಮತ್ತೆ ಮೂಲೆಯಿಂದ ಚೆಂಡು ಒದೆಯಲು ಸೀಟಿ ಊದಿದ್ದು ಕೇಳಿಸಿತ್ತು.